ಅದು ಜ್ಯೂಸ್ ಅಂತ ಹೇಳಿದ್ದೆ

ಬೆಳಿಗ್ಗೆ ಐದೂವರೆಗೆ ಸಿ ರಿಂಗ್ ರೋಡ್ ಎಷ್ಟು ಖಾಲಿ ಇರುತ್ತೆ ಅಂತ ದೋಹಾದಲ್ಲಿ ಇರೋರಿಗೆ ಗೊತ್ತು. ಅಂಥ ಒಂದು ಬೆಳಿಗ್ಗೆ, ನಾಲ್ಕು ವರ್ಷದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಿದ್ದೆ. ಹಿಂದಿನ ರಾತ್ರಿಯ ಊಟದ ನಂತರ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿ ಒಂದು ಮಾತೂ ಆಡಿರಲಿಲ್ಲ.

"ಅಪ್ಪಾ, ಸ್ಕೂಲ್ ಇಲ್ವಾ?"

"ಇಲ್ಲ ಮಗಾ."

"ಮತ್ತೆ ಎಲ್ಲಿಗೆ?"

"ಡಾಕ್ಟರ್ ಆಂಟಿ ಹತ್ರ. ಸುಮ್ನೆ ತೋರಿಸ್ಕೊಂಡು ಬರೋಕೆ."

ಸುಮ್ನೆ ಅಲ್ಲ. ಅವಳಿಗೆ ಹರ್ನಿಯಾ ಆಗಿತ್ತು. ತೊಡೆಸಂದಿಯಲ್ಲಿ, ಜೋರಾಗಿ ಅತ್ತಾಗ ಸಣ್ಣ ನಿಂಬೆಹಣ್ಣಿನಷ್ಟು ಉಬ್ಬಿ ಬರ್ತಿತ್ತು. ಸರಿಮಾಡೋಕೆ ಒಂದು ಗಂಟೆಯೂ ಬೇಡ, ಸಂಜೆಗೆ ಮನೆ. ವೈದ್ಯರ ಲೆಕ್ಕದಲ್ಲಿ ಅದು ಸಣ್ಣ ಶಸ್ತ್ರಚಿಕಿತ್ಸೆ. 'ಸಣ್ಣ' ಅನ್ನೋದು ಕತ್ತರಿ ಹಿಡಿದವರ ಅಳತೆ. ಆಸ್ಪತ್ರೆಯ ಅಂಗಿ ತೊಟ್ಟು, ಕೈಗೆ ಹೆಸರಿನ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಕೂತವಳಿಗೆ ಆ ಅಳತೆ ಯಾರು ಹೇಳಬೇಕು?

ಸ್ವಲ್ಪ ಹೊತ್ತಿಗೆ ನರ್ಸ್ ಬಂದರು. ಕೇರಳದವರು. ಕೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಲೋಟ, ತಳದಲ್ಲಿ ಎರಡು ಗುಟುಕಿನಷ್ಟು ಕೆಂಪು ಸಿರಪ್. "ಮೋಳೇ" ಅಂತ ಕರೆದು ಮಗಳ ತಲೆ ಸವರಿ, ಲೋಟವನ್ನು ನನ್ನ ಕೈಗೆ ಕೊಟ್ಟರು. ಮಗಳು ನನ್ನ ಮುಖ ನೋಡಿದಳು. "ಇದೇನು?" ಅಂದಳು.

"ಜ್ಯೂಸ್" ಅಂದೆ.

ಕುಡಿದಳು. ಮುಖ ಕಿವುಚಿದಳು. ಆದರೂ ಪೂರ್ತಿ ಕುಡಿದಳು. ಇಪ್ಪತ್ತು ನಿಮಿಷದಲ್ಲಿ ನಗೋಕೆ ಶುರು ಮಾಡಿದಳು. ಕಳ್ಳು ಕುಡಿದವರ ಹಾಗೆ ತಲೆ ವಾಲ್ತಿತ್ತು, ಮಾತು ತೊದಲ್ತಿತ್ತು, ಗೋಡೆ ಮೇಲಿನ ಮೀನಿನ ಚಿತ್ರಕ್ಕೆ ಟಾಟಾ ಮಾಡಿದಳು. ಮಂಚ ತಳ್ಳಿಕೊಂಡು ಹೋಗುವಾಗ ನಮಗೂ ಟಾಟಾ ಮಾಡಿದಳು. ಅಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅತ್ತವನು ನಾನು.

ಈ ಪ್ರಬಂಧ ಆ ಎರಡು ಗುಟುಕಿನ ಬಗ್ಗೆ.

ಮೊದಲು ಒಂದು ಪದ. ನಿಮ್ಮಲ್ಲಿ ಕೆಲವರು ಕನ್ನಡವನ್ನು ಇಲ್ಲೇ, ಮರಳುಗಾಡಿನಲ್ಲಿ, ಅಪ್ಪ ಅಮ್ಮನಿಂದ ಕಲಿತವರು. ಅನಸ್ತೀಶಿಯಾಕ್ಕೆ ಕನ್ನಡದಲ್ಲಿ 'ಅರಿವಳಿಕೆ' ಅಂತಾರೆ. ಅರಿವು, ಅಂದರೆ ಪ್ರಜ್ಞೆ, ತಿಳಿವು. ಅಳಿ, ಅಂದರೆ ಇಲ್ಲವಾಗು, ಒರಸಿಹೋಗು. ಅರಿವು ಅಳಿಯುವುದು ಅರಿವಳಿಕೆ. ಮಗಳು ಕುಡಿದದ್ದು ಪೂರ್ತಿ ಅರಿವಳಿಕೆ ಅಲ್ಲ, ಅದಕ್ಕಿಂತ ಮುಂಚಿನ ಮೆಟ್ಟಿಲು. ಮಂಪರು ಬರಿಸುವ ಮದ್ದು. ಮುಖವಾಡ ಇಟ್ಟು ಗ್ಯಾಸ್ ಕೊಡುವಾಗ ಮಗು ಹೆದರಿ ಒದ್ದಾಡಬಾರದು ಅಂತ ಮುಂಚೆಯೇ ಕೊಡೋದು. ಹೆಸರು ಮಿಡಜೋಲಾಮ್. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಷ್ ಕಂಪನಿಯ ರಸಾಯನ ವಿಜ್ಞಾನಿಗಳು ತಯಾರಿಸಿದ್ದು. ಮಗುವಿನ ತೂಕದ ಪ್ರತಿ ಕಿಲೋಗೆ ಸುಮಾರು ಅರ್ಧ ಮಿಲಿಗ್ರಾಂ ಬಾಯಿಗೆ ಹಾಕ್ತಾರೆ. ಮಹಾ ಕಹಿ, ಅದಕ್ಕೇ ಸಿಹಿ ಬೆರೆಸಿರ್ತಾರೆ.

ಅದು ಎರಡು ಕೆಲಸ ಮಾಡುತ್ತೆ. ಹೆದರಿಕೆ ಇಳಿಸುತ್ತೆ. ಜೊತೆಗೆ, ಅದು ಕೆಲಸ ಮಾಡುವಷ್ಟು ಹೊತ್ತು ನಡೆದದ್ದು ನೆನಪಿನಲ್ಲಿ ಕೂರದ ಹಾಗೆ ನೋಡಿಕೊಳ್ಳುತ್ತೆ. ಮಗು ಕಣ್ಣು ಬಿಟ್ಟುಕೊಂಡೇ ಇರುತ್ತೆ, ಮಾತಾಡುತ್ತೆ, ಕೆಲವೊಮ್ಮೆ ಅಳುತ್ತೆ ಕೂಡ. ನಾಳೆ ಕೇಳಿದರೆ ಗೊತ್ತಿಲ್ಲ ಅನ್ನುತ್ತೆ.

ಹಿಂದಿನ ದಿನ ಊರಿಗೆ ಫೋನ್ ಮಾಡಿದಾಗ ಅಮ್ಮ ಅಂದಿದ್ದರು: "ಅಷ್ಟು ಸಣ್ಣ ಮಗೂಗೆ ಮತ್ತು ಬರುವ ಮದ್ದು ಕೊಡುದಾ ಮಾರಾಯಾ? ನೀನೇ ಎತ್ಕೊಂಡು ಒಳಗೆ ಹೋಗ್ಲಿಕ್ಕೆ ಆಗ್ತಿಲ್ವಾ?" ನಮ್ಮದು ಕುಂದಾಪುರದ ಕಡೆ. ಅಮ್ಮನಿಗೆ ಆಸ್ಪತ್ರೆಯ ಮೇಲೆ ಕೋಪ ಏನೂ ಇಲ್ಲ. ಮಗುವಿನ ಬುದ್ಧಿ ಮಂಕು ಮಾಡೋ ವಸ್ತು ಯಾವುದೇ ಆಗಲಿ, ಅದರ ಬಗ್ಗೆ ಅನುಮಾನ.

ಆ ಅನುಮಾನವನ್ನು ನಾನು ತಳ್ಳಿಹಾಕಲಾರೆ. ಆದರೆ ಅಮ್ಮನಿಗೆ ಹೇಳದೇ ಇದ್ದ ಒಂದು ಮಾತಿದೆ. ನನಗೆ ಐದೋ ಆರೋ ವರ್ಷವಿದ್ದಾಗ ತೊಡೆಯ ಮೇಲೆ ಕುರು ಎದ್ದಿತ್ತು. ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇರುವೆ ಕಚ್ಚಿದ ಹಾಗೆ ಆಗುತ್ತೆ ಅಷ್ಟೇ ಅಂದರು. ಸೋದರಮಾವ ಎರಡು ಕಾಲು ಹಿಡಿದರು, ಕಂಪೌಂಡರ್ ಭುಜ ಅದುಮಿದ. ಮದ್ದು ಇಲ್ಲ, ಮತ್ತು ಇಲ್ಲ, ಕೊಯ್ದರು. ಆ ಕೋಣೆ ನನಗೆ ಇವತ್ತಿಗೂ ನೆನಪಿದೆ: ಡೆಟಾಲ್ ವಾಸನೆ, ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ, ಮಾವನ ಕೈಗಡಿಯಾರದ ಲೋಹದ ಪಟ್ಟಿ ನನ್ನ ಮೊಣಕಾಲಿನ ಕೆಳಗೆ ಒತ್ತುತ್ತಿದ್ದದ್ದು. ಆಮೇಲೆ ಮಾವ ಗೋಲಿಸೋಡಾ ಕುಡಿಸಿದರು. ನನ್ನನ್ನು ಬಹಳ ಪ್ರೀತಿಸುತ್ತಿದ್ದ ಮನುಷ್ಯ. ಅವರು ತೀರಿಕೊಂಡು ಹತ್ತು ವರ್ಷವಾಯಿತು, ನೆನೆಸಿಕೊಂಡರೆ ಈಗಲೂ ಮೊದಲು ಬರೋದು ಆ ಗಡಿಯಾರ.

ಇಂಥ ಕಥೆ ಹೇಳಿದರೆ ನಮ್ಮ ಹಿರಿಯರು ಕೆಲವರು 'ಹಾಗೆಲ್ಲ ಆಗಿದ್ದಕ್ಕೇ ನಾವು ಗಟ್ಟಿಯಾದದ್ದು' ಅಂತಾರೆ. ನಾನಂತೂ ಗಟ್ಟಿಯಾಗಲಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತರೆ ಇವತ್ತಿಗೂ ಕೈ ಬೆವರುತ್ತೆ. 1945ರಲ್ಲೇ ಅಮೆರಿಕದ ಮನೋವೈದ್ಯ ಡೇವಿಡ್ ಲೆವಿ, ಶಸ್ತ್ರಚಿಕಿತ್ಸೆಯ ನಂತರ ಮಕ್ಕಳಲ್ಲಿ ಕಾಣುವ ರಾತ್ರಿ ಹೆದರಿಕೆ, ಹಟ, ಅಂಟಿಕೊಳ್ಳುವ ಚಟಗಳ ಬಗ್ಗೆ ಬರೆದು, ಅದನ್ನು ಯುದ್ಧದಿಂದ ಮರಳಿದ ಸೈನಿಕರ ಮನಸ್ಸಿನ ಗಾಯಕ್ಕೆ ಹೋಲಿಸಿದ್ದ. ಮಗುವನ್ನು ನಾಲ್ಕು ಜನ ಹಿಡಿದುಕೊಳ್ಳೋದು 'ಸಹಜ', ಎರಡು ಗುಟುಕು ಮದ್ದು 'ಅಸಹಜ' ಅನ್ನುವ ಲೆಕ್ಕ ನನಗೆ ಒಪ್ಪಿಗೆಯಾಗೋದಿಲ್ಲ. ಬಲವಂತದ ಕೈಯೂ ಮಗುವಿನ ಮೈಯೊಳಗೆ ಇಳಿಯುತ್ತೆ, ಮದ್ದಿನ ಹಾಗೆ. ಹೊರಗೆ ಹೋಗೋಕೆ ಮಾತ್ರ ಜಾಸ್ತಿ ಕಾಲ ತಗೊಳ್ಳುತ್ತೆ.

ಮಿದುಳಿಗೆ ಏನಾದರೂ ಆಗುತ್ತಾ ಅಂತ ನೀವೂ ರಾತ್ರಿ ಮೊಬೈಲ್ ಹಿಡ್ಕೊಂಡು ಹುಡುಕಿರ್ತೀರಿ. ನಾನೂ ಹುಡುಕಿದ್ದೆ. 2016ರಲ್ಲಿ ಅಮೆರಿಕದ ಎಫ್‌ಡಿಎ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅಥವಾ ಪದೇ ಪದೇ ಅರಿವಳಿಕೆ ಕೊಡುವಾಗ ಎಚ್ಚರ ಇರಲಿ ಅಂದಿತ್ತು. ಒಂದೇ ಸಲದ, ಸಣ್ಣ ಅವಧಿಯ ಅರಿವಳಿಕೆಯ ಬಗ್ಗೆ ಬೇರೆ ಉತ್ತರ ಇದೆ. ಏಳು ದೇಶಗಳ 28 ಆಸ್ಪತ್ರೆಗಳಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದ 722 ಹಸುಗೂಸುಗಳನ್ನು ಐದು ವರ್ಷ ತುಂಬುವವರೆಗೆ ಗಮನಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಗ್ಯಾಸ್ ಕೊಟ್ಟ ಮಕ್ಕಳಿಗೂ, ಎಚ್ಚರವಿಟ್ಟೇ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ ಮಕ್ಕಳಿಗೂ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಳಿದದ್ದನ್ನು ನಿಮ್ಮ ಮಗುವಿನ ವೈದ್ಯರನ್ನೇ ಕೇಳಿ, ನಾನು ವೈದ್ಯನಲ್ಲ.

ನನ್ನ ತಳಮಳ ಬೇರೆ ಕಡೆ ಇದೆ. ಮಗು ಸುಮ್ಮನಾಗೋದು ಯಾರಿಗೋಸ್ಕರ?

ಈ ಪ್ರಶ್ನೆ ಹೊಸದಲ್ಲ. ಅಮ್ಮನೇ ನನಗೆ ಜಾಯಿಕಾಯಿ ತೇಯ್ದು ಹಾಲಿನಲ್ಲಿ ಕೊಡ್ತಿದ್ದರು, ನಿದ್ದೆ ಬರಲಿ ಅಂತ. ಹಿಂದೆ ಮುಂಬೈಯ ಹತ್ತಿ ಗಿರಣಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ಎಷ್ಟೋ ತಾಯಂದಿರು ಕೂಸಿಗೆ ಅಫೀಮು ತಿನ್ನಿಸಿ ಮಲಗಿಸಿ ಹೋಗುತ್ತಿದ್ದರು. ಕ್ರೌರ್ಯದಿಂದ ಅಲ್ಲ, ಹನ್ನೊಂದು ಗಂಟೆಯ ಪಾಳಿ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅಮೆರಿಕದಲ್ಲಿ 1849ರಿಂದಲೇ ಮಾರುತ್ತಿದ್ದ ಮಿಸೆಸ್ ವಿನ್ಸ್‌ಲೋ ಎಂಬ ಹೆಸರಿನ ಸಿರಪ್ಪಿನಲ್ಲಿ ಮಾರ್ಫಿನ್ ಇತ್ತು. ಅಷ್ಟು ದೂರ ಯಾಕೆ? ದೋಹಾ–ಬೆಂಗಳೂರು ವಿಮಾನ ಹತ್ತುವ ಮುಂಚೆ ಮಗುವಿಗೆ ಒಂದು ಚಮಚ ಫೆನರ್ಗನ್ ಕೊಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ? ಆ ಮದ್ದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟ ಕುಗ್ಗಬಹುದು ಅಂತ ಎಚ್ಚರಿಕೆ ಇದೆ. ನಾಲ್ಕು ಗಂಟೆ ಪ್ರಯಾಣದಲ್ಲಿ ಮಗು ಅತ್ತರೆ ಪಕ್ಕದವರು ತಿರುಗಿ ನೋಡ್ತಾರೆ. ಆ ನೋಟಕ್ಕೆ ಹೆದರಿ ಕೊಡೋ ಚಮಚ ಅದು, ಮಗುವಿನ ಹೆದರಿಕೆಗೆ ಅಲ್ಲ.

ಮಗು ಸುಮ್ಮನಿದೆ ಅಂದರೆ ಮಗುವಿಗೆ ಏನೂ ಆಗ್ತಿಲ್ಲ ಅಂತ ನಂಬೋದು ದೊಡ್ಡವರಿಗೆ ಬಹಳ ಸುಲಭ. ಇಷ್ಟು ಸುಲಭ ಅಂತ ತಿಳಿದದ್ದು ಎರಡು ಘಟನೆಗಳನ್ನು ಓದಿದಾಗ. 1940ರ ದಶಕದಲ್ಲಿ ಕ್ಯುರಾರೆ ಎಂಬ ವಿಷವಸ್ತು ಶಸ್ತ್ರಚಿಕಿತ್ಸೆಗೆ ಬಂತು. ದಕ್ಷಿಣ ಅಮೆರಿಕದ ಕಾಡಿನ ಜನ ಬಾಣದ ತುದಿಗೆ ಸವರುತ್ತಿದ್ದದ್ದು. ಅದು ಸ್ನಾಯುಗಳನ್ನು ಸಡಿಲಿಸಿ ಮೈಯನ್ನು ಅಲ್ಲಾಡದಂತೆ ಮಾಡುತ್ತೆ. ಇದೇ ಅರಿವಳಿಕೆಯೂ ಹೌದು ಅಂತ ನಂಬಿದ ವೈದ್ಯರೂ ಇದ್ದರು, ರೋಗಿ ಅಲ್ಲಾಡುತ್ತಿರಲಿಲ್ಲವಲ್ಲ. 1947ರಲ್ಲಿ ಸ್ಕಾಟ್ ಸ್ಮಿತ್ ಎಂಬ ಅಮೆರಿಕನ್ ಅರಿವಳಿಕೆ ತಜ್ಞ ತನ್ನ ಮೈಗೇ ಅದನ್ನು ಚುಚ್ಚಿಸಿಕೊಂಡ. ಉಸಿರಾಡೋಕೂ ಆಗದಷ್ಟು ಮೈ ನಿಶ್ಚಲವಾಯಿತು, ಯಂತ್ರದಿಂದ ಉಸಿರು ಕೊಟ್ಟರು. ಆಮೇಲೆ ಅವನು ಹೇಳಿದ್ದು: ಪೂರ್ತಿ ಎಚ್ಚರವಿತ್ತು, ಎಲ್ಲವೂ ತಿಳಿಯುತ್ತಿತ್ತು, ನೋವೂ.

ಇನ್ನೊಂದು ನಮ್ಮ ಕಾಲದ್ದೇ. 1980ರ ದಶಕದಲ್ಲೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ನೋವಿನ ಮದ್ದು ಇಲ್ಲದೆ, ಅಥವಾ ಹೆಸರಿಗಷ್ಟೇ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಷ್ಟು ಎಳೆಯ ನರಗಳಿಗೆ ನೋವು ತಿಳಿಯದು, ತಿಳಿದರೂ ನೆನಪಿರದು ಅನ್ನೋದು ನಂಬಿಕೆ. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಅವರ ಜೊತೆಯವರು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದ್ದು ಬೇರೆಯೇ. ತಿಂಗಳು ತುಂಬದೆ ಹುಟ್ಟಿದ ಶಿಶುಗಳಲ್ಲಿ, ಪ್ರಬಲ ನೋವುನಿವಾರಕ ಕೊಡದೇ ಇದ್ದವುಗಳ ಮೈ ಹೆಚ್ಚು ತತ್ತರಿಸಿತ್ತು, ಆಮೇಲಿನ ತೊಂದರೆಗಳೂ ಅವಕ್ಕೇ ಹೆಚ್ಚು. ಅದಾದ ಮೇಲೆ ಪದ್ಧತಿ ಬದಲಾಗುತ್ತಾ ಬಂತು.

'ನೆನಪಿರೋದಿಲ್ಲ' ಅನ್ನುವ ಮಾತನ್ನು ಸ್ವಲ್ಪ ಹಿಡಿದು ನಿಲ್ಲಿಸೋಣ. ತತ್ವಜ್ಞಾನಿ ಡೇನಿಯಲ್ ಡೆನೆಟ್ 1978ರ ಒಂದು ಪ್ರಬಂಧದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿದೆ: ರೋಗಿಯನ್ನು ಅಲ್ಲಾಡದಂತೆ ಮಾಡಿ, ನೋವನ್ನು ಹಾಗೇ ಬಿಟ್ಟು, ಕೊನೆಗೆ ಎಲ್ಲವನ್ನೂ ಮರೆಸುವ ಮದ್ದು ಕೊಟ್ಟರೆ, ಅದು ಅರಿವಳಿಕೆಯೇ? ಎದ್ದವನು ಚೆನ್ನಾಗಿ ನಿದ್ದೆ ಬಂತು ಅಂತ ಡಾಕ್ಟರಿಗೆ ಥ್ಯಾಂಕ್ಸ್ ಹೇಳ್ತಾನೆ. ನೀವು ಇದಕ್ಕೆ ಒಪ್ಪಿ ಸಹಿ ಹಾಕ್ತೀರಾ? ನಾನಂತೂ ಹಾಕಲ್ಲ. ನೆನಪಿಲ್ಲದ ನೋವೂ ಆ ಹೊತ್ತಿಗೆ ಒಬ್ಬರ ನೋವೇ. ಅನುಭವಿಸಿದ ಒಬ್ಬರು ಅಲ್ಲಿ ಇದ್ದರು, ಅವರು ಆಮೇಲೆ ಸಾಕ್ಷಿ ಹೇಳಲಾರರು ಅಷ್ಟೇ. ಮಗುವಿನ ವಿಷಯದಲ್ಲಂತೂ ಹೇಳಬಲ್ಲ ನೆನಪು ಅಳಿದ ಮಾತ್ರಕ್ಕೆ ಮೈಯೂ ಮರೆತಿದೆ ಅಂತ ಖಚಿತವಾಗಿ ಹೇಳೋಕಾಗೋದಿಲ್ಲ. ಆದ್ದರಿಂದ ಮಿಡಜೋಲಾಮ್ ಕೊಟ್ಟಿದ್ದೀವಲ್ಲ, ಹೇಗೆ ಬೇಕಾದರೂ ಎಳೆದುಕೊಂಡು ಹೋಗಬಹುದು ಅಂತ ಆಗೋದಿಲ್ಲ. ಕಣ್ಣು ತೇಲಿಸಿಕೊಂಡು ನಗುತ್ತಿರುವ ಮಗುವಿನ ಕೈಯನ್ನೂ ಮೆಲ್ಲಗೇ ಹಿಡಿಯಬೇಕು.

ಹಾಗಾದರೆ ಅಮ್ಮ ಹೇಳಿದ ಹಾಗೆ ನಾನೇ ಎತ್ತಿಕೊಂಡು ಒಳಗೆ ಹೋಗಬಹುದಿತ್ತಲ್ಲ? ಕೆಲವು ಆಸ್ಪತ್ರೆಗಳಲ್ಲಿ ಬಿಡ್ತಾರೆ. ಝೀವ್ ಕೇನ್ ಎಂಬ ಅಮೆರಿಕದ ಅರಿವಳಿಕೆ ತಜ್ಞ ಜೀವಮಾನವನ್ನೇ ಈ ವಿಷಯಕ್ಕೆ ಕೊಟ್ಟವರು. 1998ರಲ್ಲಿ ಅವರ ತಂಡ ಎರಡನ್ನೂ ಹೋಲಿಸಿ ನೋಡಿತು: ಅಪ್ಪ ಅಮ್ಮ ಪಕ್ಕದಲ್ಲಿ ನಿಲ್ಲುವುದು, ಅಥವಾ ಮಿಡಜೋಲಾಮ್. ಗೆದ್ದದ್ದು ಮಿಡಜೋಲಾಮ್. ಓದಿದಾಗ ಸ್ವಲ್ಪ ಅವಮಾನವಾಯಿತು ಅಂತಲೇ ಹೇಳಬೇಕು. ಎರಡು ಗುಟುಕಿಗಿಂತ ನಾನು ಕಡಿಮೆ! ಮುಂದಿನ ಅಧ್ಯಯನದಲ್ಲಿ ಕಾರಣ ಕಾಣುತ್ತೆ. ಸಮಾಧಾನದಿಂದಿರುವ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಹೆದರಿದ ಮಗುವಿಗೆ ನಿಜವಾಗಿ ಸಹಾಯವಾಗುತ್ತೆ. ಗಾಬರಿ ಬಿದ್ದ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ, ಸಮಾಧಾನವಾಗಿದ್ದ ಮಗುವೂ ಹೆದರುತ್ತೆ. ಆ ಬೆಳಿಗ್ಗೆ ನನ್ನ ಕೈ ನಡುಗುತ್ತಿದ್ದದ್ದು ನನಗೆ ಗೊತ್ತು.

2007ರಲ್ಲಿ ಅದೇ ತಂಡ ಮೂರನೆಯ ದಾರಿಯೊಂದನ್ನು ನೋಡಿತು. ಮನೆಯಲ್ಲೇ ಮುಖವಾಡ ಕೊಟ್ಟು ಮಗುವಿನ ಕೈಯಲ್ಲಿ ಆಡಿಸಿದರು, ಏನಾಗುತ್ತೆ ಅಂತ ವಿಡಿಯೋ ತೋರಿಸಿದರು, ಅಪ್ಪ ಅಮ್ಮನಿಗೆ ಹೇಗೆ ಮಾತಾಡಬೇಕು ಅಂತ ಹೇಳಿಕೊಟ್ಟರು. ಮುಖವಾಡ ಇಡುವ ಹೊತ್ತಿನಲ್ಲಿ ಈ ಮಕ್ಕಳ ಸಮಾಧಾನ ಮಿಡಜೋಲಾಮ್ ಕುಡಿದವರಷ್ಟೇ ಇತ್ತು. ಎದ್ದ ಮೇಲೆ ದಿಕ್ಕು ತಪ್ಪಿದ ಹಾಗೆ ಅಳುವುದು ಕಡಿಮೆ ಇತ್ತು. ಈಗ ನಮ್ಮ ದೋಹಾದಲ್ಲೂ, ಎಜುಕೇಶನ್ ಸಿಟಿಯಲ್ಲಿ 2018ರಲ್ಲಿ ಪೂರ್ಣ ತೆರೆದ ಸಿದ್ರಾ ಆಸ್ಪತ್ರೆಯಲ್ಲಿ, ಚೈಲ್ಡ್ ಲೈಫ್ ಸ್ಪೆಷಲಿಸ್ಟ್ ಅಂತಲೇ ಜನ ಇದ್ದಾರೆ. ಆಟದ ಮೂಲಕ ಮಗುವನ್ನು ತಯಾರು ಮಾಡೋದೇ ಅವರ ಕೆಲಸ. ಅಂಥವರು ಇದ್ದಾರಾ ಅಂತ ಮುಂಚೆಯೇ ಕೇಳಿ. ನಾನು ಕೇಳಿರಲಿಲ್ಲ.

ಭಾಷೆಯ ಮಾತೂ ಇದೆ. ಡಾಕ್ಟರು ಇಂಗ್ಲಿಷಿನಲ್ಲಿ, ಒಪ್ಪಿಗೆ ಪತ್ರ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ, ನರ್ಸ್ ಮಲಯಾಳದಲ್ಲಿ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಸರಿ. ಆದರೆ ಹೆದರಿದಾಗ ನನ್ನ ಮಗಳು ಕನ್ನಡಕ್ಕೆ ಬರ್ತಾಳೆ. ನೋವು, ಅಮ್ಮ, ಬೇಡ. ಆ ಕಟ್ಟಡದಲ್ಲಿ ಈ ಮೂರು ಪದಗಳನ್ನು ಅವಳ ಧ್ವನಿಯಲ್ಲೇ ಕೇಳಿಸಿಕೊಳ್ಳಬಲ್ಲವರು ನಾವಿಬ್ಬರೇ ಇದ್ದೆವು. ಹಾಗಿರುವಾಗ ಆ ಭಾಷೆಯಲ್ಲಿ ನಾನು ಆಡಿದ ಮಾತು ಯಾವುದು? ಜ್ಯೂಸ್.

ಹಿಂದಿನ ರಾತ್ರಿ ಅವಳನ್ನು ಮಲಗಿಸಿದ್ದು ಪುಣ್ಯಕೋಟಿ ಕಥೆ ಹೇಳಿ. ನನಗೆ ಇದು ಹೊಳೆದದ್ದು ಬಹಳ ದಿನದ ಮೇಲೆ. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಹಸು ಅಂತ ನಾವೆಲ್ಲ ಆ ಕಥೆಯನ್ನು ನೆನಪಿಟ್ಟುಕೊಂಡಿದ್ದೀವಿ. ಮಧ್ಯದ ಭಾಗವನ್ನು ಗಮನಿಸಿ. ಅವಳು ದೊಡ್ಡಿಗೆ ಬರ್ತಾಳೆ. ಕರುವಿಗೆ ಹಾಲು ಕುಡಿಸಿ, ಅದು ತೂಕಡಿಸುವಾಗ ಮೆಲ್ಲಗೆ ಎದ್ದು ಹೋಗಬಹುದಿತ್ತು. ಹೋಗೋದಿಲ್ಲ. ಹುಲಿಯ ಹತ್ತಿರ ಹೋಗ್ತೀನಿ ಅಂತ ಕರುವಿಗೇ ಹೇಳ್ತಾಳೆ. ಕರು ಹೋಗಬೇಡ ಅಂತ ಗೋಳಾಡುತ್ತೆ. ಅವಳು ಸಮಾಧಾನ ಮಾಡ್ತಾಳೆ, ಜೊತೆಯ ಹಸುಗಳಿಗೆ ಅದನ್ನು ಒಪ್ಪಿಸ್ತಾಳೆ, ಆಮೇಲೆ ಹೋಗ್ತಾಳೆ. ಹುಲಿಗೆ ನಿಜ ಹೇಳೋಕೆ ಧೈರ್ಯ ಬೇಕು ಅಂತ ಕೇಳಿದ್ದೆ. ಕರುವಿಗೆ ಹೇಳೋದು ಅದಕ್ಕಿಂತ ಕಷ್ಟ ಅನ್ನೋದು ಆ ಲೋಟ ಹಿಡಿದಾಗಲೂ ನನಗೆ ಗೊತ್ತಾಗಲಿಲ್ಲ.

ನೀವು ಕೇಳಬಹುದು: ನಾಲ್ಕು ವರ್ಷದ ಮಗುವಿಗೆ ನಿಜ ಹೇಳಿ ಏನು ಮಾಡೋದು? ಮದ್ದು ಅಂದಿದ್ದರೆ ಕುಡೀತಿರಲಿಲ್ಲ, ಅಳ್ತಿದ್ದಳು, ಆಮೇಲೆ ಬಲವಂತ ಮಾಡಬೇಕಾಗ್ತಿತ್ತು. ನ್ಯಾಯವಾದ ಪ್ರಶ್ನೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದೂವರೆ ವರ್ಷದ ಕೂಸಾದರೆ ಮಾತಿಗಿಂತ ಮಡಿಲು ಮುಖ್ಯ, ಒಪ್ಪುತ್ತೇನೆ. ಆದರೆ 'ಇದೇನು' ಅಂತ ಕೇಳುವ ವಯಸ್ಸಿಗೆ ಬಂದ ಮಗುವಿಗೆ ಉತ್ತರ ಪಡೆಯುವ ಹಕ್ಕೂ ಬಂದಿರುತ್ತೆ. ಹೇಳೋದು ಬೇರೆ, ಅನುಮತಿ ಕೇಳೋದು ಬೇರೆ. ಅವಳು ಬೇಡ ಅಂದಿದ್ದರೂ ನಾನು ಶಸ್ತ್ರಚಿಕಿತ್ಸೆ ಮಾಡಿಸ್ತಿದ್ದೆ. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಹಾಗಿರುವಾಗ 'ಕುಡೀತೀಯಾ?' ಅಂತ ಕೇಳೋದು ಇನ್ನೊಂದು ಸುಳ್ಳು, ಇಲ್ಲದ ಆಯ್ಕೆಯನ್ನು ಇದೆ ಅಂತ ತೋರಿಸೋದು. 'ಇದು ಮದ್ದು, ಕಹಿ ಇದೆ, ಕುಡಿದರೆ ನಿದ್ದೆ ಬಂದ ಹಾಗೆ ಆಗುತ್ತೆ, ನೀನು ಎದ್ದಾಗ ನಾನು ಇಲ್ಲೇ ಇರ್ತೀನಿ, ಎದ್ದ ಮೇಲೆ ಸ್ವಲ್ಪ ನೋವಿರುತ್ತೆ.' ಹೇಳೋಕೆ ಅರ್ಧ ನಿಮಿಷ ಸಾಕು. ಅತ್ತಿದ್ದರೆ ಅಳಲಿ. ಯಾವ ಬೊಂಬೆ ತಗೊಂಡು ಹೋಗಬೇಕು, ನನ್ನ ಮಡಿಲಲ್ಲಿ ಕೂತು ಕುಡೀಬೇಕಾ, ಅಮ್ಮನ ಮಡಿಲಲ್ಲಾ ಅನ್ನೋದನ್ನು ಅವಳಿಗೇ ಬಿಡಬಹುದಿತ್ತು, ಯಾಕಂದರೆ ಅವು ನಿಜವಾದ ಆಯ್ಕೆಗಳು.

ಆ ದಿನ ಆಸ್ಪತ್ರೆಯ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಎದ್ದ ಮೇಲೆ ಅರ್ಧ ಗಂಟೆ ಯಾರನ್ನೂ ಗುರುತಿಸದವಳ ಹಾಗೆ ಅತ್ತು ಒದ್ದಾಡಿದಳು. ಹೀಗಾಗೋದುಂಟು, ತಾನಾಗಿ ಇಳಿಯುತ್ತೆ ಅಂದರು, ಇಳಿಯಿತು. ಸಂಜೆ ಮನೆಯಲ್ಲಿ ಇಡ್ಲಿ ತಿಂದಳು. ಮುಖವಾಡ, ದೀಪ, ಹಸಿರು ಬಟ್ಟೆಯವರು ಯಾವುದೂ ಅವಳ ಬಾಯಲ್ಲಿ ಬರಲಿಲ್ಲ. ನಾನು ನಿಟ್ಟುಸಿರು ಬಿಟ್ಟೆ. ಅಳಿದುಹೋಯಿತು ಅಂದುಕೊಂಡೆ.

ಈ ಮದ್ದಿನ ಬಗ್ಗೆ ಆಗ ನನಗೆ ತಿಳಿಯದೇ ಇದ್ದದ್ದು ಒಂದಿದೆ. ಅದು ಮುಂದಿನದನ್ನು ಅಳಿಸುತ್ತೆ, ಹಿಂದಿನದನ್ನಲ್ಲ. ರಕ್ತಕ್ಕೆ ಸೇರಿದ ಮೇಲೆ ನಡೆದದ್ದು ಕೂರೋದಿಲ್ಲ. ಲೋಟ ಕೈಗೆ ಬಂದ ಕ್ಷಣ, ಕೇಳಿದ ಪ್ರಶ್ನೆ, ಬಂದ ಉತ್ತರ, ನಾಲಿಗೆಗೆ ತಾಗಿದ ರುಚಿ, ಇವೆಲ್ಲ ಅದರ ಕೈಗೆ ಸಿಗೋದಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಶುಕ್ರವಾರ ಸ್ನಾನ ಮಾಡಿಸುವಾಗ, ತೊಡೆಸಂದಿಯ ತೆಳು ಗೆರೆಯನ್ನು ಬೆರಳಿನಿಂದ ಮುಟ್ಟಿ ಕೇಳಿದಳು, ಇದು ಯಾಕೆ ಇದೆ ಅಂತ. ಈ ಸಲ ಎಲ್ಲ ಹೇಳಿದೆ. ಉಬ್ಬಿದ್ದು, ಹೊಲಿಗೆ ಹಾಕಿದ್ದು, ಮೀನಿಗೆ ಟಾಟಾ ಮಾಡಿದ್ದು. ಮೀನಿನ ಮಾತಿಗೆ ಬಹಳ ನಕ್ಕಳು, ಅವಳಿಗೆ ಅದು ಯಾರದೋ ಕಥೆ. ಆಮೇಲೆ ತಾನೇ ಹೇಳಿದಳು:

"ಅವತ್ತು ನೀನು ಜ್ಯೂಸ್ ಕೊಟ್ಟೆ."

"ಅದು ಜ್ಯೂಸ್ ಅಲ್ಲ ಮಗಾ. ಮದ್ದು. ನಾನು ಸುಳ್ಳು ಹೇಳಿದ್ದೆ."

"ಐ ನ್ಯೂ. ಕಹಿ ಇತ್ತು."

"ಗೊತ್ತಾಗಿದ್ರೆ ಮತ್ತೆ ಯಾಕೆ ಪೂರ್ತಿ ಕುಡಿದೆ?"

ತಲೆ ಮೇಲಿಂದ ನೀರು ಇಳೀತಿತ್ತು. ಕಣ್ಣು ಮುಚ್ಚಿಕೊಂಡೇ ಅಂದಳು: "ನೀನು ಕೊಟ್ಟಿದ್ದಲ್ವಾ."